ಟಿಕೆಟ್ಟಕ್ಕನ ಹೊಟ್ಟೆ ಉರಿ

ಊರಿಗೆಲ್ಲ ನಲ್ಲಿ, ಪೈಪು, ಕಕ್ಕಸು ರಿಪೇರಿ ಮಾಡಿಕೊಡುವ ಪ್ಲಂಬರನ ಸ್ವಂತ ಮನೆಯಲ್ಲಿ ಇದ್ದದ್ದು ಒಂದೇ ಕಕ್ಕಸು, ಅದರ ಬಾಗಿಲಿಗೂ ಚಿಲಕವಿಲ್ಲ ಎಂದರೆ ಯಾರು ನಂಬುತ್ತಾರೆ? ನಂಬಲೇಬೇಕು. ಮಗಳು ಇನ್ನೂ ಅಕ್ಷರ ಕಲಿಯುವ ಮೊದಲೇ ಮುರಿದುಬಿದ್ದ ಚಿಲಕ ಅದು. "ಈ ಭಾನುವಾರ ಹಾಕೇ ಬಿಡ್ತೀನಿ" ಎಂದು ಅವನು ಹೇಳುತ್ತ ಬಂದ. ಭಾನುವಾರಗಳು ತಮ್ಮ ಪಾಡಿಗೆ ತಾವು ಬಂದು ಹೋದವು. ಮನೆಯವರು ಹೊಂದಿಕೊಂಡರು. ಒಳಗೆ ಹೋದವರು ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತಿ ಇಡಬೇಕು, ಹೊರಗಿನಿಂದ ಬರುವವರು ಕೆಮ್ಮಬೇಕು. ಬಂದ ನೆಂಟರಿಗೆ ಈ ಕಾನೂನು ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಮಗಳು ಚಿಕ್ಕವಳಿದ್ದಾಗ ಅವಳಿಗೆ ಬಕೆಟ್ಟು ಎಳೆಯುವ ಶಕ್ತಿ ಎಲ್ಲಿಂದ ಬರಬೇಕು? ಆಗೆಲ್ಲ ಹೊರಗೆ ನಿಂತು ಬಾಗಿಲು ಹಿಡಿದುಕೊಳ್ಳುತ್ತಿದ್ದವಳು ಪ್ಲಂಬರನ ಅಕ್ಕ. ಒಳಗಿಂದ ಕ್ಷಣಕ್ಕೊಮ್ಮೆ "ಅತ್ತೆ, ಇದ್ದೀಯಾ?" ಎಂಬ ಪ್ರಶ್ನೆ, ಹೊರಗಿಂದ "ಇದ್ದೀನಿ" ಎಂಬ ಉತ್ತರ. ಕೆಲಸ ಮುಗಿದ ಮೇಲೂ ಮಾತು ಮುಗಿಯದೆ ಹುಡುಗಿ ಒಳಗೇ ಕೂತು ಶಾಲೆಯ ಕಥೆ ಹೇಳುತ್ತಿದ್ದಳು. ಅದಕ್ಕೇ ಅತ್ತೆ ಅವಳಿಗೆ ಚಿನಕುರಳಿ ಎಂದು ಹೆಸರಿಟ್ಟದ್ದು, ಆ ಹೆಸರೇ ನಿಂತಿತು.

ಅತ್ತೆಗೂ ಒಂದು ಅಡ್ಡಹೆಸರಿತ್ತು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳಾದ್ದರಿಂದ ಡ್ರೈವರುಗಳು, ಕಂಡಕ್ಟರುಗಳು ಎಲ್ಲರಿಗೂ ಅವಳು ಟಿಕೆಟ್ಟಕ್ಕ. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ "ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಎಂದು ಮುಗಿಸಿಬಿಡುತ್ತಿದ್ದಳು. ತಮ್ಮ, ತಮ್ಮನ ಹೆಂಡತಿ, ಚಿನಕುರಳಿ, ಮುದಿ ತಾಯಿ, ಇವಳು, ಇಷ್ಟೇ ಸಂಸಾರ. ಟಿಕೆಟ್ಟಕ್ಕ, ಚಿನಕುರಳಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು.

ಇನ್ನು ಟಿಕೆಟ್ಟಕ್ಕನ ಹೊಟ್ಟೆಯ ವಿಷಯ. ಎಷ್ಟೋ ವರ್ಷಗಳಿಂದ ಅದು ಇವಳ ಮಾತು ಕೇಳುವುದನ್ನು ಬಿಟ್ಟಿತ್ತು. ಒಂದು ವಾರ ಕಲ್ಲಿನ ಹಾಗೆ ಗಟ್ಟಿ, ಇನ್ನೊಂದು ವಾರ ತಡೆಯೇ ಇಲ್ಲ. ನಡುವೆ ಉಬ್ಬರ, ಹಿಂಡುವ ನೋವು, ಉರಿ. ಬೆಳಗ್ಗೆ ಎಲ್ಲರಿಗೂ ಅವಸರವಿರುವ ಹೊತ್ತಿನಲ್ಲೇ ಇವಳು ಒಳಗೆ. ಹೊರಗಿನಿಂದ ತಮ್ಮ ಕೆಮ್ಮುವುದು, ತಮ್ಮನ ಹೆಂಡತಿ ಕೆಮ್ಮುವುದು, ಕೊನೆಗೆ ಮುದುಕಿ ಕೆಮ್ಮದೆ ನೇರವಾಗಿ "ಏನೇ, ಅಲ್ಲೇ ಮನೆ ಮಾಡ್ಕೊಂಡ್ಯಾ?" ಎಂದು ಕೂಗುವುದು. ಇವಳು "ಹೊಟ್ಟೆನೋವು" ಎನ್ನುತ್ತಿದ್ದಳು. ಶಾಲೆ ತಪ್ಪಿಸಲು ಚಿನಕುರಳಿ ಹೇಳುತ್ತಿದ್ದದ್ದೂ ಅದೇ, ಮಾವನ ಮನೆಗೆ ಹೋಗುವುದನ್ನು ತಪ್ಪಿಸಲು ಪ್ಲಂಬರ್ ಹೇಳುತ್ತಿದ್ದದ್ದೂ ಅದೇ. ಆ ಮಾತಿಗೆ ಆ ಮನೆಯಲ್ಲಿ ಎಷ್ಟು ಬೆಲೆ ಇದ್ದೀತು, ನೀವೇ ಹೇಳಿ. ಪ್ಲಂಬರ್ ಊಟಕ್ಕೆ ಕೂತಾಗಲೂ ಊರವರ ಕಕ್ಕಸಿನ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳುತ್ತಿದ್ದ. ಆದರೆ ಮನೆಯವರ ಹೊಟ್ಟೆಯ ಮಾತು ಬಂದರೆ ತಟ್ಟೆ ನೋಡುತ್ತಿದ್ದ.

ಚಿನಕುರಳಿ ಬೆಳೆದಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಆ ಕಟ್ಟಡದ ಲಿಫ್ಟ್ ರಿಪೇರಿಗೆ ಬರುತ್ತಿದ್ದ ಹುಡುಗನನ್ನು ಇಷ್ಟಪಟ್ಟಳು. ಹುಡುಗನ ಮನೆ ದೂರದ ಊರಿನಲ್ಲಿ. ಅವನ ತಾಯಿ ತಂದೆ ಮಾತುಕತೆಗೆಂದು ಒಂದು ಭಾನುವಾರ ಬಂದರು. ತಾಯಿ ಬಾಯಿ ತುಂಬ ಮಾತಾಡುವ ಹೆಂಗಸು. ಮನೆಯಲ್ಲೇ ಮಾಡಿದ ಹಾಲಿನ ಸಿಹಿಯನ್ನು ಒಂದು ಡಬ್ಬಿ ತುಂಬ ತಂದಿದ್ದಳು.

"ನಾನು ಸಿಹಿ ಅಷ್ಟಾಗಿ ತಿನ್ನಲ್ಲ" ಎಂದಳು ಟಿಕೆಟ್ಟಕ್ಕ.

"ಅಯ್ಯೋ, ಸೋದರತ್ತೆ ತಿನ್ನದೆ ಇದ್ರೆ ಹೇಗೆ? ನನ್ನ ಕೈಯಾರೆ ಮಾಡಿದ್ದು. ಇನ್ನೊಂದು. ಇನ್ನೊಂದೇ ಒಂದು."

ಹಾಲು ತನಗೆ ಆಗದೆಂದು ಟಿಕೆಟ್ಟಕ್ಕನಿಗೆ ಗೊತ್ತು. ಆದರೆ ಎದುರಿಗೆ ಚಿನಕುರಳಿ ಕಣ್ಣಲ್ಲೇ ಬೇಡಿಕೊಳ್ಳುತ್ತ ಕೂತಿದ್ದಾಳೆ. ತಿಂದಳು. ಜೊತೆಗೆ ತಮ್ಮನ ಹೆಂಡತಿ ಬೇಕರಿಯಿಂದ ತಂದ ಬನ್ನೂ ತಿನ್ನಬೇಕಾಯಿತು. ಅವಳು ಬೇಕರಿಯಲ್ಲೇ ಕೆಲಸ ಮಾಡುವವಳು, ಅವಳ ಬನ್ನು ಬಿಟ್ಟರೆ ಅದೊಂದು ರಾಮಾಯಣ. ಎಲ್ಲರೂ ನಗುತ್ತ ಮಾತಾಡುತ್ತ ಮದುವೆಯ ತಾರೀಕು ಗೊತ್ತು ಮಾಡಿದರು. ಪ್ಲಂಬರ್ "ನಮ್ಮ ಕಡೆಯಿಂದ ಒಪ್ಪಿಗೆ" ಎಂದ. ಬೀಗಿತ್ತಿ ಚಿನಕುರಳಿಯ ಗಲ್ಲ ಹಿಡಿದು, ಆಮೇಲೆ ಈ ಕಡೆ ತಿರುಗಿ ಬಾಯ್ತುಂಬ ಕೇಳಿದಳು: "ಏನಮ್ಮ, ನೀವ್ಯಾಕೆ ಸುಮ್ನೆ ಕೂತ್ಬಿಟ್ರಿ? ನಿಮಗೆ ಹೇಗನ್ನಿಸ್ತಿದೆ?"

ಟಿಕೆಟ್ಟಕ್ಕನ ಹಣೆಯಲ್ಲಿ ಬೆವರು. ಒಳಗೆ ಯಾರೋ ಕೈ ಹಾಕಿ ಹಿಂಡಿದಂತಾಗಿ ಬೆಂಕಿ ಹತ್ತಿಕೊಂಡಿತ್ತು.

"ಹೊಟ್ಟೆ ಉರೀತಿದೆ" ಎಂದಳು. ಎದ್ದಳು, ಹೋದಳು.

ನೋವು ಎಂದಿದ್ದರೆ ಮುಗಿದುಹೋಗುತ್ತಿತ್ತು. ಏನು ಮಾಡೋಣ, ಆಗ ಅವಳಿಗೆ ನೋವಿಗಿಂತ ಉರಿಯೇ ಜೋರಾಗಿತ್ತು, ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಬಕೆಟ್ಟು ಒತ್ತಿ ಕೂತವಳಿಗೆ ಚಿಲಕವಿಲ್ಲದ ಬಾಗಿಲ ಸಂದಿಯಿಂದ ಬೀಗಿತ್ತಿಯ ದನಿ ಕೇಳಿಸಿತು: "ಪಾಪ, ಇವ್ರಿಗೆ ಮದುವೆ ಆಗಿಲ್ಲ ಅಲ್ವಾ?" ತಮ್ಮನ ಹೆಂಡತಿ ಏನೋ ತಗ್ಗಿದ ದನಿಯಲ್ಲಿ ಹೇಳಿದಳು. ಚಪ್ಪಲಿಗಳ ಸದ್ದಾಯಿತು. ಇವಳು ಹೊರಗೆ ಬರುವಷ್ಟರಲ್ಲಿ ನೆಂಟರು ಹೋಗಿಯಾಗಿತ್ತು, ಚಿನಕುರಳಿ ಲೋಟಗಳನ್ನು ಒಂದರೊಳಗೊಂದು ಕುಕ್ಕಿ ಕುಕ್ಕಿ ಇಡುತ್ತಿದ್ದಳು.

"ಲೇ, ಒಡೆದ್ಹೋಗತ್ತೆ" ಎಂದಳು ಅತ್ತೆ.

"ಹೋಗ್ಲಿ."

ಆ ರಾತ್ರಿಯೇ ಚಿನಕುರಳಿಯ ಹಾಸಿಗೆ ಹೊರಗಿನ ಹಾಲಿಗೆ ಹೋಯಿತು, ಅಜ್ಜಿಯ ಪಕ್ಕಕ್ಕೆ. "ಒಳಗೆ ಸೆಕೆ" ಎಂದಳು. ಕಿಟಕಿ ಇದ್ದದ್ದು ಒಳಕೋಣೆಗೆ ಮಾತ್ರ, ಹಾಲಿಗಲ್ಲ. ಟಿಕೆಟ್ಟಕ್ಕ ಮಂಚದ ಮೇಲೆ ಹೊಟ್ಟೆಗೆ ಬಿಸಿನೀರಿನ ಬಾಟಲಿ ಇಟ್ಟುಕೊಂಡು ಮಲಗಿದಳು. ಪಕ್ಕದ ಮಂಚದ ಮೇಲೆ ಬರೀ ಹಲಗೆ. ಅದನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿದಳು.

ಮಾರನೆಯ ದಿನದಿಂದ ಮನೆಯಲ್ಲಿ ಯಾರೂ ಏನೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮದುವೆಯ ಮಾತು ನಡೆಯುವಾಗ ಇವಳು ಬಂದರೆ ತಮ್ಮನ ಹೆಂಡತಿ ಮಗಳಿಗೆ "ಪುಡಿ ಡಬ್ಬಿ ಎಲ್ಲಿಟ್ಟೆ?" ಎಂದು ಮಾತು ತಿರುಗಿಸುತ್ತಿದ್ದಳು. ಬಟ್ಟೆ ತರಲು ತಾಯಿ ಮಗಳಿಬ್ಬರೇ ಹೋಗಿ ಬಂದರು. ಗಂಟನ್ನು ನೇರವಾಗಿ ಬೀರುವಿಗೆ ಸೇರಿಸಿದರು. ಟಿಕೆಟ್ಟಕ್ಕ ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. ಆ ಹೊಟ್ಟೆ ತಾನೇ ಇನ್ನೆಷ್ಟು ಹಿಡಿದೀತು! ವಾರವಿಡೀ ಕೆಟ್ಟುಕೊಂಡಿತು.

ಕೌಂಟರಿನಲ್ಲಿ ಅವಳ ಮುಂದೆ ಗಾಜು, ಗಾಜಿನಲ್ಲಿ ಅಂಗೈಯಗಲದ ತೂತು. ದಿನವಿಡೀ ಕೈಗಳನ್ನು ನೋಡುವ ಕೆಲಸ. ಬಳೆಯ ಕೈ, ಗ್ರೀಸಿನ ಕೈ, ನಡುಗುವ ಕೈ, ಎಲ್ಲವೂ ಒಂದೊಂದು ಊರಿನ ಹೆಸರು ಹೇಳಿ ಟಿಕೆಟ್ಟು ಹಿಡಿದು ಮಾಯವಾಗುತ್ತಿದ್ದವು. ಪಕ್ಕದಲ್ಲಿ ಮೊಳೆಗೆ ನೇತುಹಾಕುವ ಒಂದು ಹಲಗೆ ಇತ್ತು: "ಐದು ನಿಮಿಷದಲ್ಲಿ ಬರುತ್ತೇನೆ." ಹೊಟ್ಟೆ ಹಿಂಡಿದಾಗ ಅದನ್ನು ನೇತುಹಾಕಿ ಹಿಂದಿನ ಬಾಗಿಲಿನಿಂದ ಓಡುತ್ತಿದ್ದಳು. ಐದು ನಿಮಿಷದಲ್ಲಿ ಅವಳು ಬಂದದ್ದೇ ಇಲ್ಲ. ಬರುವಷ್ಟರಲ್ಲಿ ಸಾಲಿನವರು ಗಾಜಿಗೆ ನಾಣ್ಯ ಕುಟ್ಟುತ್ತಿರುತ್ತಿದ್ದರು. "ಏನಮ್ಮ, ಚಹಾ ಕುಡಿದಾಯ್ತಾ?" ಎನ್ನುತ್ತಿದ್ದರು. ಪಾರ್ಸಲ್ ವಿಭಾಗದವನು "ಅಕ್ಕಾ, ಆ ಹಲಗೆ ಸವೆದು ಕನ್ನಡಿ ಆಗ್ಬಿಡತ್ತೆ" ಎಂದು ನಗುತ್ತಿದ್ದ. ಇವಳೂ ನಗುತ್ತಿದ್ದಳು, ಇನ್ನೇನು ಮಾಡುವುದು.

ಎಲ್ಲ ಊರಿಗೂ ಟಿಕೆಟ್ಟು ಹರಿದುಕೊಟ್ಟವಳು ತಾನು ಮಾತ್ರ ಯಾವ ಊರಿಗೂ ಹೋಗುತ್ತಿರಲಿಲ್ಲ. ಮನೆಯವರು ಅದನ್ನು ಅವಳ ಸ್ವಭಾವ ಎಂದುಕೊಂಡಿದ್ದರು. ಸ್ವಭಾವವಲ್ಲ, ಭಯ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವ ನಿಲ್ದಾಣದ ಕಕ್ಕಸಿಗೆ ಸದಾ ಬೀಗ, ಯಾವ ಹಾದಿಹೋಟೆಲಿನಲ್ಲಿ ನೀರಿಲ್ಲ, ಇದನ್ನೆಲ್ಲ ಡ್ರೈವರುಗಳ ಬಾಯಿಂದ ಕೇಳಿ ಕೇಳಿ ಅವಳಿಗೆ ಬಾಯಿಪಾಠ. ಬೀಗರ ಊರಿನ ಹಾದಿಯೂ ಗೊತ್ತಿತ್ತು. ಅರ್ಧ ದಿನದ ಪ್ರಯಾಣ. ನದಿಯ ಸೇತುವೆ ದಾಟಿದ ಮೇಲೆ ಬಹಳ ದೂರ ಒಂದು ಪೆಟ್ರೋಲ್ ಬಂಕು ಬಿಟ್ಟರೆ ಏನೂ ಇಲ್ಲ. ಹಿಂದೊಮ್ಮೆ, ಇನ್ನೂ ವಯಸ್ಸಿನಲ್ಲಿದ್ದಾಗ, ಒಂದು ಬಸ್ಸಿನಲ್ಲಿ ಅವಳಿಗೆ ತಡೆಯಲಾಗಿರಲಿಲ್ಲ. ಆ ದಿನದ ಸೀರೆಯನ್ನು ಅವಳು ಮನೆಗೆ ತರಲಿಲ್ಲ, ಆ ಮಾತನ್ನೂ ತರಲಿಲ್ಲ.

ಕೊನೆಗೆ ಆಸ್ಪತ್ರೆಗೆ ಹೋದಳು. ರಕ್ತ, ಸ್ಕ್ಯಾನು, ಕೊಳವೆ ಹಾಕಿ ನೋಡುವುದು ಎಲ್ಲ ಆಯಿತು. ಡಾಕ್ಟರಮ್ಮ ಒಳ್ಳೆಯವರು, ಕೂರಿಸಿಕೊಂಡು ಹೇಳಿದರು.

"ರಿಪೋರ್ಟೆಲ್ಲ ನಾರ್ಮಲ್ ಇದೆ. ಹುಣ್ಣಿಲ್ಲ, ಗಡ್ಡೆ ಇಲ್ಲ. ಆದ್ರೆ ನಿಮ್ಮ ಕರುಳು ಸಿಡುಕಿನದು."

"ಅಂದ್ರೆ?"

"ಕೆಲವರಿಗೆ ಸುಮ್ನೆ ಸಿಡುಕು ಬರಲ್ವಾ, ಹಾಗೆ. ಹೊರಗಿಂದ ನೋಡಿದ್ರೆ ಏನೂ ಆಗಿರಲ್ಲ. ಸಣ್ಣದಕ್ಕೆಲ್ಲ ರೇಗತ್ತೆ. ಹಾಲು, ಗೋಧಿ, ಈರುಳ್ಳಿ ಕೆಲವು ವಾರ ಬಿಟ್ಟು ನೋಡಿ, ಆಮೇಲೆ ಒಂದೊಂದಾಗಿ ತಿಂದು ನೋಡಿ, ಯಾವುದು ಆಗಲ್ಲ ಅಂತ ಗೊತ್ತಾಗತ್ತೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಡೀರಿ, ನಿದ್ದೆ ಮಾಡಿ. ಹಿಂಡಿದಾಗ ಈ ಮಾತ್ರೆ. ಇದು ಜೀವ ತೆಗೆಯೋದಲ್ಲ, ಪೂರ್ತಿ ಬಿಟ್ಟು ಹೋಗೋದೂ ಕಷ್ಟ. ಸಂಭಾಳಿಸ್ಕೊಂಡು ಹೋಗ್ಬೇಕು."

"ಸಂಸಾರದ ಹಾಗೆ" ಎಂದಳು ಟಿಕೆಟ್ಟಕ್ಕ. ಡಾಕ್ಟರಮ್ಮ ನಕ್ಕರು. ಎಷ್ಟೋ ದಿನಗಳ ಮೇಲೆ ಒಬ್ಬರು ತನ್ನ ಹೊಟ್ಟೆಯ ಮಾತನ್ನು ಮುಖ ನೋಡಿ ಕೇಳಿದ್ದಕ್ಕೆ ಅವಳಿಗೆ ಅಲ್ಲೇ ಅಳು ಬಂತು.

ಮನೆಗೆ ಬಂದರೆ ಎಲ್ಲರೂ ಊಟಕ್ಕೆ ಕೂತಿದ್ದರು.

"ಏನಂದ್ರಕ್ಕ?" ಎಂದ ಪ್ಲಂಬರ್, ತಟ್ಟೆ ನೋಡುತ್ತ.

"ಎಲ್ಲ ನಾರ್ಮಲ್ ಅಂತೆ. ಕರುಳು ಸಿಡುಕಿನದಂತೆ."

"ನಾರ್ಮಲ್ಲಾ? ಸದ್ಯ!" ಅವನು ನಿಜವಾಗಿಯೂ ಸಂತೋಷಪಟ್ಟ. ಅವನ ಮಟ್ಟಿಗೆ ಅಲ್ಲಿಗೆ ಕೇಸು ಮುಗಿಯಿತು.

ಅವನ ಹೆಂಡತಿ ಪಲ್ಯ ಬಡಿಸುತ್ತ "ಸಿಡುಕು ಕರುಳಿಗೋ, ಕರುಳು ಇರೋರಿಗೋ?" ಎಂದಳು. ಚಿನಕುರಳಿ ತಲೆ ಎತ್ತಲಿಲ್ಲ. ಆದರೆ ಅವಳ ತುಟಿ ಒಂದಿಷ್ಟು ನಕ್ಕಿತು, ಅತ್ತೆ ಅದನ್ನು ನೋಡಿದಳು.

ಮರುದಿನದಿಂದ ಟಿಕೆಟ್ಟಕ್ಕ ಒಂದು ಚಿಕ್ಕ ಪಾತ್ರೆಯಲ್ಲಿ ತನ್ನಷ್ಟಕ್ಕೆ ಬೇಯಿಸಿಕೊಳ್ಳತೊಡಗಿದಳು. ಅಕ್ಕಿ ಗಂಜಿ, ಉಪ್ಪು, ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್ಟು. ಈರುಳ್ಳಿ ಇಲ್ಲ, ಬನ್ನು ಇಲ್ಲ, ಹಾಲು ಇಲ್ಲ. ಹೊಟ್ಟೆ ನಿಧಾನವಾಗಿ ತಣ್ಣಗಾಗತೊಡಗಿತು. ಮನೆ ಮಾತ್ರ ಕಾವೇರತೊಡಗಿತು.

"ಅತ್ತಿಗೆ, ಏನಿದು? ಬೇರೆ ಒಲೆ ಹೂಡಿದ್ರಾ?" ಎಂದು ಒಂದು ದಿನ ತಮ್ಮನ ಹೆಂಡತಿ ಕೇಳಿಯೇಬಿಟ್ಟಳು.

"ಒಲೆ ಅದೇ ಕಣೇ. ಪಾತ್ರೆ ಒಂದು ಬೇರೆ."

"ಇವತ್ತು ಪಾತ್ರೆ, ನಾಳೆ ಪಾಲು. ನಾನು ಬೇಕರಿಯಲ್ಲಿ ಮೈಮುರಿದು ದುಡಿದು ಬಂದು ಐದು ಜನಕ್ಕೆ ಬೇಯ್ಸಿ ಹಾಕ್ತೀನಿ, ನನ್ನ ಅಡುಗೆಗೆ ವಿಷ ಬೆರೆಸಿದ್ದೀನಾ?"

"ಈರುಳ್ಳಿ ಬೆರೆಸಿರ್ತೀಯ. ನಂಗೆ ಎರಡೂ ಒಂದೇ ಈಗ."

ಮಾತು ತಮಾಷೆಗೆಂದು ಆಡಿದ್ದು. ತಮ್ಮನ ಹೆಂಡತಿ ಸೌಟನ್ನು ಪಾತ್ರೆಗೆ ಎಸೆದಳು. "ಕೇಳಿಸ್ಕೊಂಡ್ರಾ ಅತ್ತೇ, ನಿಮ್ಮ ಮಗಳ ಮಾತು! ಮಗು ಮದುವೆ ಹತ್ರ ಬಂದಿದೆ, ಒಂದು ದಿನ ನಗುಮುಖದಲ್ಲಿ ಇದ್ದಾರಾ ಇವರು? ನಾಲ್ಕು ಜನರ ಮುಂದೆ ಹೊಟ್ಟೆ ಉರಿಯತ್ತೆ ಅಂದೋರು!"

"ಹೊಟ್ಟೆ ಉರೀತಿತ್ತು, ಅದಕ್ಕೆ ಅಂದೆ!"

"ನೋಡಿ, ಈಗ್ಲೂ ಹೇಳ್ತಾರೆ!"

ಮುದುಕಿ ಮೂಲೆಯಿಂದ "ಇಬ್ರೂ ಬಾಯ್ಮುಚ್ಚಿ. ನನ್ನ ಗಂಜಿಗೆ ಉಪ್ಪು ಯಾರು ಹಾಕ್ತೀರ?" ಎಂದಳು. ಆಕೆಯೂ ಕಳ್ಳತನದಲ್ಲಿ ಮಗಳ ಪಾತ್ರೆಯ ಗಂಜಿಯನ್ನೇ ಕುಡಿಯುತ್ತಿದ್ದದ್ದು ಹಾಗೆ ಹೊರಬಿತ್ತು. ಬೇರೆ ದಿನವಾಗಿದ್ದರೆ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಮದುವೆ ಬೀಗರ ಊರಿನಲ್ಲೇ ಎಂದು ಗೊತ್ತಾದ ಮೇಲೆ ಟಿಕೆಟ್ಟಕ್ಕ ತಮ್ಮನಿಗೆ ಹೇಳಿದಳು: "ನೀವೆಲ್ಲ ಹೋಗಿ ಬನ್ನಿ. ನಾನು ಅಮ್ಮನ್ನ ನೋಡ್ಕೊಂಡು ಮನೇಲಿರ್ತೀನಿ."

"ನಾನ್ಯಾಕೆ ಮನೇಲಿರ್ಲಿ?" ಎಂದು ಸಿಡಿದಳು ಮುದುಕಿ. "ಹೊಸ ಸೀರೆ ತಗೊಂಡಿದ್ದೀನಿ!"

ಅವತ್ತು ಸಂಜೆ ಟಿಕೆಟ್ಟಕ್ಕ ಒಳಕೋಣೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು. ಚಿನಕುರಳಿ ಬಂದು ಬಾಗಿಲಲ್ಲಿ ನಿಂತಳು. ಎಷ್ಟೋ ದಿನಗಳ ಮೇಲೆ ತಾನಾಗಿ ಬಂದಿದ್ದಾಳೆ. ಅತ್ತೆಯ ಎದೆ ಹಗುರಾಯಿತು.

"ನೀನು ಬರಲ್ವಂತೆ?"

"ಹೇಗ್ ಬರ್ಲೇ? ಅರ್ಧ ದಿನ ಬಸ್ಸಲ್ಲಿ ನಂಗೆ ತಡ್ಕೊಳೋಕಾಗಲ್ಲ."

"ಏನನ್ನ?"

ಅತ್ತೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ಎಲ್ಲ ನಾರ್ಮಲ್ ಅಂದ್ರಲ್ಲ ಡಾಕ್ಟ್ರು?"

"ಹೌದು, ಅಂದ್ರು."

"ಮತ್ತೆ?"

ಕಾಲು ಮುರಿದಿದ್ದರೆ ಪಟ್ಟಿ ತೋರಿಸಬಹುದಿತ್ತು.

"ಅತ್ತೆ, ಒಂದ್ ಮಾತು ನಿಜ ಹೇಳು. ನಂಗೆ ಗಂಡು ಗೊತ್ತಾಗಿದ್ದಕ್ಕೆ ನಿಂಗೆ ಹೊಟ್ಟೆಕಿಚ್ಚಾಯ್ತಾ?"

ಇಲ್ಲ ಎನ್ನಬೇಕಿತ್ತು. ಯಾರಾದರೂ ಇಲ್ಲ ಎನ್ನುತ್ತಿದ್ದರು. ಟಿಕೆಟ್ಟಕ್ಕ ಮಡಚುತ್ತಿದ್ದ ಟವೆಲನ್ನು ಹಾಗೇ ಹಿಡಿದುಕೊಂಡು ಯೋಚಿಸಿದಳು, ತನ್ನೊಳಗೆ ನಿಜವಾಗಿಯೂ ಹುಡುಕಿದಳು.

"ಸ್ವಲ್ಪ ಆಯ್ತು" ಎಂದಳು. "ಆದ್ರೆ ಅದಕ್ಕಲ್ಲ..."

ಚಿನಕುರಳಿ ಅಷ್ಟರಲ್ಲಿ ತಿರುಗಿಯಾಗಿತ್ತು. ಹಾಲಿನಲ್ಲಿ ಅವಳು ಅಳುವುದು, ತಾಯಿ "ನಾನು ಹೇಳ್ಲಿಲ್ವಾ?" ಎನ್ನುವುದು ಕೇಳಿಸಿತು. ಉಳಿದರ್ಧ ಮಾತು ಟಿಕೆಟ್ಟಕ್ಕನ ಬಾಯಲ್ಲೇ ಉಳಿಯಿತು. ಆ ಕ್ಷಣಕ್ಕೆ ಜಗತ್ತಿನಲ್ಲಿ ತನಗೆ ಯಾರೂ ಇಲ್ಲ ಅನ್ನಿಸಿತು ಅವಳಿಗೆ, ತಾನೇ ಎತ್ತಿ ಆಡಿಸಿದ ಮಗುವೂ ಇಲ್ಲ. ಟವೆಲು ಮಡಚಿ ಇಟ್ಟಳು.

ಮೂರನೆಯ ದಿನ ಕೌಂಟರಿನ ತೂತಿನಲ್ಲಿ ಒಂದು ಕೈ ಬಂತು. ಉಗುರಿನ ಸಂದಿಯಲ್ಲಿ ಪೈಪಿನ ಬಿಳಿ ಅಂಟು, ಹೆಬ್ಬೆರಳಿಗೆ ಗಾಯದ ಗುರುತು. ದುಡ್ಡಿರಲಿಲ್ಲ ಅದರಲ್ಲಿ. ಟಿಕೆಟ್ಟಕ್ಕ ಬಗ್ಗಿ ನೋಡಿದಳು. ತಮ್ಮ.

"ಸಾಲಲ್ಲಿ ನಿಂತು ಬಂದ್ಯೇನೋ?"

"ಮನೇಲಿ ಮಾತಾಡೋಕೆ ಎಲ್ಲಿ ಬಿಡ್ತಾರೆ?" ಎಂದ. ಹಿಂದಿನವನು ಗೊಣಗಿದ. ಪ್ಲಂಬರ್ ತೂತಿಗೆ ಬಾಯಿಟ್ಟು ಹೇಳಿದ: "ಅಕ್ಕ, ನಿನ್ನ ಬಿಟ್ಟು ಹೋದ್ರೆ ಅಲ್ಲಿ ನಂಗೆ ಅನ್ನ ಗಂಟ್ಲಲ್ಲಿ ಇಳಿಯಲ್ಲ. ಬಸ್ಸು ನಿಮ್ಮ ನಿಲ್ದಾಣದ ಮೀಸೆ ಡ್ರೈವರ್‌ದೇ ಗೊತ್ತು ಮಾಡಿದ್ದೀನಿ. ನಿಂಗೆ... ಏನಾದ್ರೂ... ಹಾಗಾದ್ರೆ, ನಿಲ್ಸು ಅಂತ ನಾನು ಅವನಿಗೆ ಹೇಳಿರ್ತೀನಿ."

"ಏನಂತ ಹೇಳ್ತೀಯಾ?"

ಊರವರ ಮಲದ ಕೊಳವೆಗೆ ಮೊಣಕೈವರೆಗೆ ಕೈ ಹಾಕುವವನು ಕಿವಿಯವರೆಗೆ ಕೆಂಪಾದ. "ಏನೋ ಒಂದು ಹೇಳ್ತೀನಿ ಬಿಡು."

"ನೀನೇನೂ ಹೇಳ್ಬೇಡ. ಬರ್ತೀನಿ. ಹೋಗು, ಸಾಲು ನಿಂತಿದೆ."

ಹೊರಡುವ ಹಿಂದಿನ ದಿನ ಅವಳು ಗಂಜಿಯನ್ನೂ ಅರ್ಧಕ್ಕೆ ಇಳಿಸಿದಳು. ಮಾತ್ರೆ, ಬಿಸಿನೀರಿನ ಬಾಟಲಿ, ಒಂದು ಜೊತೆ ಬಟ್ಟೆ, ಸೋಪು ಕೈಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಹಿಡಿದಳು. ನೆಂಟರಿಷ್ಟರೆಲ್ಲ ತುಂಬಿಕೊಂಡರು. ಚಿನಕುರಳಿ ಹೊಸ ಚಪ್ಪಲಿ ಹಾಕಿಕೊಂಡು ಗೆಳತಿಯರ ನಡುವೆ ಹಿಂದೆ ಕೂತಿದ್ದಳು. ಹತ್ತುವಾಗ ಅತ್ತೆಯನ್ನು ದಾಟಿ ಹೋದಳು, ನೋಡಲಿಲ್ಲ. ಅತ್ತೆಯ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಯಾರೋ ಅದರ ಮೇಲೆ ಹಣ್ಣಿನ ಬುಟ್ಟಿ ಇಟ್ಟರು.

ಬಸ್ಸು ಹೊರಟಿತು. ಹಿಂದೆ ಹಾಡು, ಚಪ್ಪಾಳೆ, ನಗು. ಟಿಕೆಟ್ಟಕ್ಕ ಹಾದಿಹೋಟೆಲಿನಲ್ಲಿ ಇಳಿದು ಬಂದಳು, ಏನೂ ಆಗಲಿಲ್ಲ. ಪರವಾಗಿಲ್ಲ, ಹೋಗಿ ಮುಟ್ಟುತ್ತೇನೆ ಅಂದುಕೊಂಡಳು. ಸೇತುವೆ ಬಂತು. ಆಗ ತಮ್ಮನ ಹೆಂಡತಿ ಎಲ್ಲರಿಗೂ ಬನ್ನು ಹಂಚುತ್ತ ಮುಂದಕ್ಕೆ ಬಂದು, ಇವಳ ಎದುರು ಒಂದು ಕ್ಷಣ ನಿಂತು, ಕೊಡದೆ ಹಿಂದಕ್ಕೆ ಹೋದಳು. ಅಷ್ಟಕ್ಕೇ ಹೊಟ್ಟೆ ರೇಗಿತು. ತಿಂದಿದ್ದರೂ ರೇಗುತ್ತಿತ್ತು, ಕೊಡದಿದ್ದದ್ದಕ್ಕೂ ರೇಗಿತು. ಅದರ ಸಿಡುಕಿಗೆ ನ್ಯಾಯವೆಲ್ಲಿ!

ಮಾತ್ರೆ ನುಂಗಿದಳು. ಬಾಟಲಿ ಒತ್ತಿಕೊಂಡಳು. ಉಸಿರು ಹಿಡಿದಳು. ಹಳೆಯ ಬಸ್ಸು, ಹಳೆಯ ಸೀರೆ ಕಣ್ಣ ಮುಂದೆ ಬಂತು. ದೂರದಲ್ಲಿ ಪೆಟ್ರೋಲ್ ಬಂಕಿನ ಕೆಂಪು ಚಾವಣಿ ಕಂಡಿತು. ಅದು ದಾಟಿದರೆ ಮುಂದೆ ಏನೂ ಇಲ್ಲ. ಡ್ರೈವರನ ಕಿವಿಯಲ್ಲಿ ಹೇಳೋಣವೆಂದರೆ ಹಾಡಿನ ಗದ್ದಲದಲ್ಲಿ ಅವನಿಗೆ ಕೇಳಿಸದು. ಟಿಕೆಟ್ಟಕ್ಕ ಸರಳು ಹಿಡಿದು ಎದ್ದು ನಿಂತಳು.

"ಬಸ್ ನಿಲ್ಸಿ! ನಾನು ಕಕ್ಕಸಿಗೆ ಹೋಗ್ಬೇಕು!"

ಹಾಡು ನಿಂತುಹೋಯಿತು. ಅಷ್ಟೂ ಜನ ತಿರುಗಿ ನೋಡಿದರು.

"ಅತ್ತಿಗೆ, ಇನ್ನೇನು ಊರು ಬಂತು. ಸ್ವಲ್ಪ ತಡ್ಕೊಳೋಕಾಗಲ್ವಾ?" ಎಂದಳು ತಮ್ಮನ ಹೆಂಡತಿ, ನೆಂಟರ ಮುಖ ನೋಡುತ್ತ.

"ಆಗಲ್ಲ. ಎಷ್ಟೋ ವರ್ಷದಿಂದ ಆಗಲ್ಲ. ಅವತ್ತೂ ಆಗ್ಲಿಲ್ಲ. ಹೊಟ್ಟೆ ಉರೀತಿದೆ ಅಂದ್ರೆ ಹೊಟ್ಟೆ ಉರೀತಿದೆ ಅಂತ ಕಣೇ!"

ಮೀಸೆ ಡ್ರೈವರ್ ಬಂಕಿನೊಳಕ್ಕೆ ತಿರುಗಿಸಿ ಬ್ರೇಕು ಒತ್ತಿದ. ಅವಳು ಕೈಚೀಲ ಎದೆಗವಚಿಕೊಂಡು ಇಳಿದು, ಪಂಪುಗಳನ್ನು ದಾಟಿ, ಟೈರುಗಳ ರಾಶಿಯ ಹಿಂದಕ್ಕೆ ಹೋದಳು. ನೀರು ನಿಂತ ಕೆಸರು, ಅದರಾಚೆ ತಗಡಿನ ಬಾಗಿಲು. ಒಳಗೆ ಹೋಗಿ ನೋಡಿದರೆ ಚಿಲಕ ಇರಬೇಕಾದ ಜಾಗದಲ್ಲಿ ಎರಡು ತೂತು. ಬಕೆಟ್ಟೂ ಇಲ್ಲ. ಒಂದು ಕೈ ಚಾಚಿ ಬಾಗಿಲು ಹಿಡಿದು ಕೂತಳು. ಗಾಳಿಗೆ ತಗಡು ಎಳೆದಾಡುತ್ತಿತ್ತು. ನೋವು ಅಲೆಯಾಗಿ ಬಂದಾಗ ಕೈ ಜಾರುತ್ತಿತ್ತು. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಬಿಟ್ಟು ಹೋಗಲಿ, ಹೋಗಿಬಿಡಲಿ, ಎಂದುಕೊಂಡು ಅವಳು ಅತ್ತಳು. ಜೋರಾಗಿಯೇ ಅತ್ತಳು, ಯಾರಿಗೆ ಕೇಳಿಸಬೇಕಿತ್ತು?

ಆಗ ಕೈ ಪೂರ್ತಿ ಸೋತು ಜಾರಿತು. ಬಾಗಿಲು ತೆರೆದುಕೊಳ್ಳಬೇಕಿತ್ತು, ತೆರೆದುಕೊಳ್ಳಲಿಲ್ಲ. ಗಾಳಿ ಬೀಸಿತು, ತಗಡು ಅಲುಗಲಿಲ್ಲ. ಕೆಳಗಿನ ಸಂದಿಯಲ್ಲಿ ಹೊಸ ಚಪ್ಪಲಿಯ ಎರಡು ಕಾಲು ಕೆಸರಿನಲ್ಲಿ ಮುಳುಗಿ ನಿಂತಿದ್ದವು.

"ಅಯ್ಯೋ, ಚಪ್ಪಲಿ ಕಣೇ!" ಎಂದಳು ಒಳಗಿನಿಂದ.

"ಹಾಳಾಗ್ಲಿ ಬಿಡು."

"ಲೇ, ಅವತ್ತು ಸ್ವಲ್ಪ ಆಯ್ತು ಅಂದೆನಲ್ಲ, ಅದು ನಿನ್ನ ಮದುವೆಗಲ್ಲ. ನೀನು ಏನ್ ಬೇಕಾದ್ರೂ ತಿಂದು ಎಲ್ಲಿಗ್ ಬೇಕಾದ್ರೂ ಹೋಗ್ತೀಯಲ್ಲ, ಅದಕ್ಕೆ..."

"ಆಮೇಲೆ ಹೇಳು ಅತ್ತೆ. ಮೊದ್ಲು ಮುಗಿಸು."

ಬಸ್ಸು ಮತ್ತೆ ಹಾರನ್ನು ಹೊಡೆಯಿತು. "ನಿಲ್ಲೀ, ಬರ್ತೀವಿ!" ಎಂದು ಹೊರಗಿನಿಂದ ಚಿನಕುರಳಿ ಇಡೀ ಬಂಕಿಗೆ ಕೇಳುವಂತೆ ಕೂಗಿದಳು. ಹೊಟ್ಟೆ ಇನ್ನೊಮ್ಮೆ ಹಿಂಡಿತು. ಟಿಕೆಟ್ಟಕ್ಕ ಕಣ್ಣು ಮುಚ್ಚಿ, ಮಂಡಿಗೆ ಹಣೆ ಒತ್ತಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು.

"ಇದ್ದೀಯೇನೇ?"

"ಇದ್ದೀನಿ" ಎಂದಿತು ಹೊರಗಿನ ದನಿ.